ಸಿಂಧನೂರಿನ ಕಿರಾಣಿ ಅಂಗಡಿಯಲ್ಲಿ ಹೆಂಪ್ ಎಣ್ಣೆ ಮಾರಬಹುದಾ?

ಹೆಂಪ್, ಅಂದರೆ ಗಾಂಜಾ ಜಾತಿಯ ಗಿಡದ ಬೀಜದ ಎಣ್ಣೆ ಇಟ್ಟರೆ ಪೊಲೀಸ್ ಕೇಸ್ ಆಗುತ್ತಾ ಅಂತ ಕೇಳಿದ್ದೀರಿ. ಬರೀ ಬೀಜದ್ದಾದರೆ ಭಯ ಬೇಡ ಸರ್. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಅಂದರೆ ಹೂವಿನ ತೆನೆ. ಅದರ ಜೊತೆ ಬೆರೆಯದ ಬೀಜ ಆ ಲೆಕ್ಕಕ್ಕೆ ಬರಲ್ಲ. 2021ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೂಡ ಬೀಜ, ಅದರ ಎಣ್ಣೆ, ಹಿಟ್ಟನ್ನು ಆಹಾರ ಅಂತ ಒಪ್ಪಿದೆ.

ಆದರೆ ಬಾಟಲಿ ತಿರುಗಿಸಿ ನೋಡಿ. ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಇರಬೇಕು. ಎಣ್ಣೆಯಲ್ಲಿ ಟಿಎಚ್‌ಸಿ (ಗಾಂಜಾದಲ್ಲಿ ನಶೆ ತರುವ ಅಂಶ) ಕಿಲೋಗೆ 10 ಮಿಲಿಗ್ರಾಂ ದಾಟಬಾರದು, ಸಪ್ಲೈಯರ್ ಹತ್ತಿರ ಲ್ಯಾಬ್ ರಿಪೋರ್ಟ್ ಕೇಳಿ. ಲೇಬಲ್ ಮೇಲೆ ಗಾಂಜಾ ಎಲೆಯ ಚಿತ್ರ ಇರುವಂತಿಲ್ಲ. ಇದ್ದರೆ ಪುಂಡಿಪಲ್ಲೆ ಎಲೆ ಅಂತ ಹೇಳಿ ಜಾರಿಕೊಳ್ಳೋಕೆ ಆಗಲ್ಲ! ಅಂಥ ಮಾಲು ವಾಪಸ್ ಕಳಿಸಿ.

ನಿದ್ದೆಗೆ, ನೋವಿಗೆ ಅಂತ ಬರುವ 'ವಿಜಯಾ' ಎಣ್ಣೆ, ಮಾತ್ರೆಗಳ ಕಥೆಯೇ ಬೇರೆ. ಅವು ಗಾಂಜಾ ಎಲೆಯಿಂದ ಮಾಡಿದ ಆಯುರ್ವೇದ ಔಷಧಿ. ತಯಾರಕರಿಗೆ ಆಯುಷ್ ಲೈಸೆನ್ಸ್ ಬೇಕು, ವೈದ್ಯರ ಸಲಹೆಯಲ್ಲೇ ತಗೋಬೇಕು. ಕಮಿಷನ್ ಜಾಸ್ತಿ ಅಂತ ಏಜೆಂಟ್ ಆಸೆ ತೋರಿಸಿದರೂ ಕಿರಾಣಿಯಲ್ಲಿ ಇಡಬೇಡಿ.

ನಿಮ್ಮ ಅಂಗಡಿಯ ಆಹಾರ ನೋಂದಣಿ ಚಾಲ್ತಿಯಲ್ಲಿದೆ ಅಲ್ವಾ? ಇಲ್ಲದಿದ್ದರೆ ಮೊದಲು ಎಫ್‌ಎಸ್‌ಎಸ್‌ಎಐನ ಫಾಸ್ಕೋಸ್ (FoSCoS) ವೆಬ್‌ಸೈಟಿನಲ್ಲಿ ಅದನ್ನು ಮಾಡಿಸಿ. ಖರೀದಿ ಬಿಲ್‌ಗಳನ್ನೂ ಅಂಗಡಿಯಲ್ಲೇ ಇಟ್ಟುಕೊಳ್ಳಿ.