ಲ್ಯಾಟಿನ್‌ನಲ್ಲಿ ನಾಮಪದದ ಪ್ರತ್ಯಯವನ್ನೇ ಗುಣವಾಚಕಕ್ಕೂ ಹಚ್ಚಿದರೆ ಸಾಕೇ? ಐದೂ ಡಿಕ್ಲೆನ್ಷನ್ (ಒಂದೇ ಥರದ ವಿಭಕ್ತಿ ಪ್ರತ್ಯಯ ಹಿಡಿಯುವ ನಾಮಪದಗಳ ಗುಂಪು) ಬಾಯಿಪಾಠ ಮಾಡಲೇಬೇಕೇ?

ಸಾಲದು. ‘ನಾಮಪದ ಉಸ್ ಅಂತ ಮುಗಿದರೆ ಗುಣವಾಚಕಕ್ಕೂ ಉಸ್, ಅ ಅಂತ ಮುಗಿದರೆ ಅ’ ಅನ್ನುವ ಸೂತ್ರವನ್ನು ಇವತ್ತೇ ಬಿಟ್ಟುಬಿಡಿ. ಕನ್ನಡದಿಂದ ಲ್ಯಾಟಿನ್‌ಗೆ ಹೋದ ನಮಗೆಲ್ಲ ಶುರುವಿನಲ್ಲಿ ಹೀಗೇ ಅನ್ನಿಸುತ್ತದೆ. ನಮ್ಮ ‘ಒಳ್ಳೆಯ’ ಯಾವ ಪದದ ಮುಂದೆ ಬಂದರೂ ಬದಲಾಗುವುದಿಲ್ಲವಲ್ಲ, ಹಾಗಾಗಿ ಅದು ಬದಲಾಗುವ ಭಾಷೆ ಸಿಕ್ಕಾಗ ಕಿವಿಗೆ ಬೀಳುವ ಪ್ರಾಸವನ್ನೇ ನಿಯಮ ಅಂದುಕೊಳ್ಳುತ್ತೇವೆ. ‘ದೊಮಿನುಸ್ ಬೊನುಸ್’ (ಒಳ್ಳೆಯ ಒಡೆಯ), ‘ಪುಎಲ್ಲ ಬೊನ’ (ಒಳ್ಳೆಯ ಹುಡುಗಿ) ಎಂಬ ಮೊದಲ ಪಾಠಗಳೂ ಅದಕ್ಕೆ ಕುಮ್ಮಕ್ಕು ಕೊಡುತ್ತವೆ.

ಹೊಂದಬೇಕಾದದ್ದು ಲಿಂಗ, ವಚನ, ವಿಭಕ್ತಿ. ಸಂಸ್ಕೃತ ಓದಿದ್ದರೆ ‘ಯಲ್ಲಿಂಗಂ ಯದ್ವಚನಂ ಯಾ ಚ ವಿಭಕ್ತಿರ್ವಿಶೇಷ್ಯಸ್ಯ’ ಶ್ಲೋಕ ನೆನಪಿರಬಹುದು. ಇಲ್ಲೂ ಅದೇ ನಿಯಮ. ಅಂತ್ಯಾಕ್ಷರ ಒಂದೇ ಆಗಬೇಕೆಂದು ಎಲ್ಲೂ ಹೇಳಿಲ್ಲ.

ಅಗ್ರಿಕೊಲ, ಅಂದರೆ ರೈತ, ಮೊದಲ ಡಿಕ್ಲೆನ್ಷನ್‌ನ ಪದ, ಆದರೆ ಪುಲ್ಲಿಂಗ. ಹಾಗಾಗಿ ಏಕವಚನದಲ್ಲಿ ಪ್ರಥಮಾ ‘ಅಗ್ರಿಕೊಲ ಬೊನುಸ್’, ದ್ವಿತೀಯಾ ‘ಅಗ್ರಿಕೊಲಮ್ ಬೊನುಮ್’, ಷಷ್ಠೀ ‘ಅಗ್ರಿಕೊಲೈ ಬೊನೀ’, ಚತುರ್ಥೀ ‘ಅಗ್ರಿಕೊಲೈ ಬೊನೋ’, ಅಬ್ಲೇಟಿವ್ ‘ಅಗ್ರಿಕೊಲಾ ಬೊನೋ’. (ನಮ್ಮ ತೃತೀಯಾ, ಪಂಚಮೀ, ಸಪ್ತಮಿಗಳ ಕೆಲಸವನ್ನೆಲ್ಲ ಈ ಅಬ್ಲೇಟಿವ್ ಒಂದೇ ಮಾಡುತ್ತದೆ.) ಷಷ್ಠೀ, ಚತುರ್ಥೀ ಎರಡರಲ್ಲೂ ನಾಮಪದ ‘ಅಗ್ರಿಕೊಲೈ’ ಎಂದೇ ಇದೆ. ‘ರೈತನ’ವೋ ‘ರೈತನಿಗೆ’ಯೋ ಎಂದು ತಿಳಿಯುವುದು ಬೊನೀ, ಬೊನೋ ನೋಡಿದಾಗಲೇ. ಪ್ರಾಸ ಹೊಂದಿಸಲು ಹೋಗಿ ‘ಬೊನೈ’ ಎಂದು ಬರೆದರೆ ಲಿಂಗ ಕೆಡುತ್ತದೆ, ಜತೆಗೆ ಓದುಗನಿಗಿದ್ದ ಆ ಸುಳಿವೂ ಹೋಗುತ್ತದೆ.

ಇದಕ್ಕಿಂತ ಅಪಾಯಕಾರಿ ಉಸ್ ಅಂತ್ಯ. ದೊಮಿನುಸ್ ಎರಡನೆಯ ಡಿಕ್ಲೆನ್ಷನ್, ಪುಲ್ಲಿಂಗ. ಮನುಸ್ (ಕೈ) ನಾಲ್ಕನೆಯದು, ಸ್ತ್ರೀಲಿಂಗ. ಕೊರ್ಪುಸ್ (ದೇಹ) ಮೂರನೆಯದು, ನಪುಂಸಕ. ಆದ್ದರಿಂದ ಮಗ್ನುಸ್ (ದೊಡ್ಡ) ಸೇರಿಸಿದರೆ ‘ದೊಮಿನುಸ್ ಮಗ್ನುಸ್’, ‘ಮನುಸ್ ಮಗ್ನ’, ‘ಕೊರ್ಪುಸ್ ಮಗ್ನುಮ್’. ಮರಗಳ ಹೆಸರಂತೂ ಉಸ್ ಅಂತ್ಯವಿದ್ದರೂ ಸಾಮಾನ್ಯವಾಗಿ ಸ್ತ್ರೀಲಿಂಗವೇ. ನಮ್ಮ ಅರಳಿಮರ ಸಸ್ಯಶಾಸ್ತ್ರದಲ್ಲಿ ಫೈಕಸ್ ರಿಲಿಜಿಯೋಸ, ಹುಣಸೆ ಟ್ಯಾಮರಿಂಡಸ್ ಇಂಡಿಕ ಆಗಿರುವುದು ಅದಕ್ಕೇ. ಶ್ರೀಗಂಧದ ಸ್ಯಾಂಟಲಮ್ ಆಲ್ಬಮ್ ಮಾತ್ರ ನಪುಂಸಕ.

ಇನ್ನು ಐದೂ ಕೋಷ್ಟಕಗಳನ್ನು ಒಟ್ಟಿಗೆ ಉರು ಹೊಡೆಯುವ ಮಾತು. ಬೇಡ. ಪ್ರತಿ ನಾಮಪದವನ್ನೂ ಪ್ರಥಮಾ, ಷಷ್ಠೀ, ಲಿಂಗ ಸೇರಿಸಿ ಕಲಿಯಿರಿ: ‘ರೇಕ್ಸ್ (ರಾಜ), ರೇಗಿಸ್, ಪುಲ್ಲಿಂಗ’; ‘ಕೊರ್ಪುಸ್, ಕೊರ್ಪೊರಿಸ್, ನಪುಂಸಕ’. ಷಷ್ಠೀ ಏಕವಚನದ ಕೊನೆ ಐ ಇದ್ದರೆ ಮೊದಲ ಡಿಕ್ಲೆನ್ಷನ್, ಈ ಇದ್ದರೆ ಎರಡನೆಯದು, ಇಸ್ ಮೂರನೆಯದು, ಊಸ್ ನಾಲ್ಕನೆಯದು. ‘ದಿಏಸ್ (ದಿನ), ದಿಏಈ’ ಥರದ್ದು ಐದನೆಯದು. ಆ ಕೊನೆಯನ್ನು ಕತ್ತರಿಸಿದರೆ ಪ್ರಕೃತಿ, ಅಂದರೆ ಪ್ರತ್ಯಯ ಹತ್ತುವ ಮೂಲರೂಪ, ಕೈಗೆ ಬರುತ್ತದೆ. ಕೊರ್ಪುಸ್‌ನಲ್ಲಿ ಕಾಣದ ‘ಕೊರ್ಪೊರ್’ ಸಿಗುವುದು ಷಷ್ಠಿಯಲ್ಲೇ. ಪ್ರಥಮಾ ರೂಪವನ್ನಷ್ಟೇ ಪಟ್ಟಿ ಮಾಡುವ ಶಬ್ದಕೋಶವನ್ನು ನಾನಂತೂ ಯಾರಿಗೂ ಕೊಡುವುದಿಲ್ಲ.

ಗುಣವಾಚಕಗಳಲ್ಲಿ ಎರಡೇ ವರ್ಗ. ಬೊನುಸ್, ಬೊನ, ಬೊನುಮ್ ಥರದವು ಮೊದಲೆರಡು ಡಿಕ್ಲೆನ್ಷನ್‌ಗಳ ಪ್ರತ್ಯಯ ಹಿಡಿಯುತ್ತವೆ. ಫೊರ್ತಿಸ್ (ಬಲಶಾಲಿ) ಥರದವು ಮೂರನೆಯದರವು. ಫೊರ್ತಿಸ್ ಪುಲ್ಲಿಂಗ, ಸ್ತ್ರೀಲಿಂಗ ಎರಡಕ್ಕೂ ಆಗುತ್ತದೆ, ನಪುಂಸಕಕ್ಕೆ ಫೊರ್ತೆ. ಇಲ್ಲೊಂದು ಬಲೆ ಇದೆ: ನಾಮಪದದ ಅಬ್ಲೇಟಿವ್ ‘ರೇಗೆ’, ಗುಣವಾಚಕದ್ದು ‘ಫೊರ್ತೀ’. ‘ಬಲಶಾಲಿ ರಾಜನೊಂದಿಗೆ’ ಎನ್ನಲು ‘ಕುಮ್ ರೇಗೆ ಫೊರ್ತೀ’.

ಒಂದು ಅನುಕೂಲ ನಿಮ್ಮ ಕೈಯಲ್ಲೇ ಇದೆ. ಪುಎಲ್ಲ ಪ್ರಥಮಾ, ಪುಎಲ್ಲಾ ಅಬ್ಲೇಟಿವ್. ಮನುಸ್ ಏಕವಚನ ಪ್ರಥಮಾ, ಮನೂಸ್ ಷಷ್ಠೀ. ರೋಮನ್ ಲಿಪಿಯಲ್ಲಿ ದೀರ್ಘಕ್ಕೆ ಮೇಲೊಂದು ಗೆರೆ ಬೇಕು, ಹೆಚ್ಚಿನ ಮುದ್ರಿತ ಪುಸ್ತಕಗಳಲ್ಲಿ ಅದಿರುವುದಿಲ್ಲ. ಕನ್ನಡದಲ್ಲಿ ಎ–ಏ, ಒ–ಓ ಸಹಿತ ಎಲ್ಲ ಹ್ರಸ್ವ ದೀರ್ಘಗಳಿಗೂ ಬೇರೆಬೇರೆ ಅಕ್ಷರವಿದೆ. ಟಿಪ್ಪಣಿ ಕನ್ನಡದಲ್ಲೇ ಬರೆದುಕೊಳ್ಳಿ.

ಅಭ್ಯಾಸಕ್ಕೆ ಅಗ್ರಿಕೊಲ, ಮನುಸ್, ಕೊರ್ಪುಸ್ ಮೂರಕ್ಕೂ ಮೊದಲು ಮಗ್ನುಸ್, ಆಮೇಲೆ ಫೊರ್ತಿಸ್ ಸೇರಿಸಿ ಎರಡೂ ವಚನಗಳಲ್ಲಿ ಬರೆಯಿರಿ. ನಪುಂಸಕದಲ್ಲಿ ಪ್ರಥಮಾ, ದ್ವಿತೀಯಾ ಯಾವಾಗಲೂ ಒಂದೇ, ಬಹುವಚನ ಅ ಇಂದ ಮುಗಿಯುತ್ತದೆ: ‘ಕೊರ್ಪೊರ ಮಗ್ನ’, ‘ಕೊರ್ಪೊರ ಫೊರ್ತಿಅ’. ಆ ‘ಮಗ್ನ’ವನ್ನು ಸ್ತ್ರೀಲಿಂಗ ಏಕವಚನವೆಂದು ಓದಿದರೆ ಇಡೀ ವಾಕ್ಯದ ಅರ್ಥ ತಪ್ಪುತ್ತದೆ.