ಓದುಗರ ಪ್ರಶ್ನೆ: ಜನವರಿಯಲ್ಲೇ ನಿಲ್ಲುವ ಓದು, ಪಕ್ಕದವರಿಗೆ ತಿಳಿಯದ ಮಾತು

ಪ್ರಶ್ನೆ: ಪ್ರತಿ ಹೊಸ ವರ್ಷ ಆದಿಕಾಂಡದಿಂದ ಬೈಬಲ್ ಓದಲು ಕೂರುತ್ತೇನೆ. ಫೆಬ್ರುವರಿ ಬರುವಷ್ಟರಲ್ಲಿ ನಿಂತುಹೋಗುತ್ತದೆ. ನನ್ನ ಭಕ್ತಿಯಲ್ಲೇ ಕೊರತೆಯೇ? (ಓದುಗರು, ಗದಗ)

ಉತ್ತರ: ಕೊರತೆ ಭಕ್ತಿಯದಲ್ಲ, ಲೆಕ್ಕದ್ದು. ಪ್ರೊಟೆಸ್ಟೆಂಟ್ ಬೈಬಲಿನ 66 ಪುಸ್ತಕಗಳಲ್ಲಿ 1,189 ಅಧ್ಯಾಯಗಳಿವೆ. ವರ್ಷದೊಳಗೆ ಮುಗಿಯಬೇಕಾದರೆ ದಿನಕ್ಕೆ ಮೂರೂ ಸಾಲದು. (ಕಥೋಲಿಕ ಬೈಬಲಿನಲ್ಲಿ 73 ಪುಸ್ತಕ; ಹೊರೆ ಇನ್ನೂ ಜಾಸ್ತಿ.) ಆದಿಕಾಂಡಕ್ಕೆ 50 ಅಧ್ಯಾಯ, ವಿಮೋಚನಕಾಂಡಕ್ಕೆ 40. ದಿನಕ್ಕೆ ಮೂರರಂತೆ ಓದಿದವರು ಜನವರಿ 31ಕ್ಕೆ ಸರಿಯಾಗಿ ಯಾಜಕಕಾಂಡದ ಬಲಿಗಳ ಎದುರು ನಿಂತಿರುತ್ತಾರೆ. ಅದಕ್ಕೂ ಮೊದಲೇ, ವಿಮೋಚನಕಾಂಡ 25ರಿಂದ ಆರಾಧನೆಯ ಗುಡಾರದ ಮೊಳದ ಅಳತೆಗಳು ಶುರುವಾಗಿರುತ್ತವೆ. ಅಲ್ಲಿ ತೂಕಡಿಸದವರು ಅಪರೂಪ.

ಅದರ ಬದಲು ಯೇಸುವಿನ ಬದುಕು ಹೇಳುವ ಮಾರ್ಕನ ಸುವಾರ್ತೆ ಹಿಡಿಯಿರಿ: 16 ಅಧ್ಯಾಯ, ದಿನಕ್ಕೊಂದು. ಮುಗಿದ ಮೇಲೆ ಲೂಕ ಮತ್ತು ಅಪೊಸ್ತಲರ ಕೃತ್ಯಗಳು, ಒಟ್ಟು 52 ಅಧ್ಯಾಯ. ಒಮ್ಮೆ ಗಟ್ಟಿಯಾಗಿ ಓದಿ, ಎರಡನೇ ಸಲ ಪೆನ್ಸಿಲ್ ಹಿಡಿದು ಓದಿ. ನೋಟ್‌ಬುಕ್ಕಿನಲ್ಲಿ ಮೂರೇ ಸಾಲು ಸಾಕು: ಇಲ್ಲಿ ಯೇಸು ಏನು ಮಾಡಿದರು, ನನಗೆ ಅರ್ಥವಾಗದ್ದೇನು, ಇವತ್ತು ಮಾಡಬೇಕಾದ್ದೇನು. ಎಡವುವುದು ಮೂರನೆಯ ಸಾಲಿನಲ್ಲಿ. "ಎಲ್ಲರನ್ನೂ ಹೆಚ್ಚು ಪ್ರೀತಿಸಬೇಕು" ಎಂದು ಬರೆದದ್ದು ಮಧ್ಯಾಹ್ನಕ್ಕೆ ಆವಿಯಾಗುತ್ತದೆ. "ಸಂಜೆ ಆರಕ್ಕೆ ತಮ್ಮನಿಗೆ ಫೋನ್ ಮಾಡಿ ಕ್ಷಮೆ ಕೇಳುವುದು" ಎಂದಿದ್ದರೆ, ಮಾಡಿದಿರೋ ಇಲ್ಲವೋ ರಾತ್ರಿ ಗೊತ್ತಾಗುತ್ತದೆ. ಅರ್ಥವಾಗದ ಸಾಲುಗಳನ್ನು ಭಾನುವಾರ ಸಭಾಪಾಲಕರ (ಪಾಸ್ಟರ್) ಮುಂದಿಡಿ. ಒಂದು ದಿನ ತಪ್ಪಿದರೆ ಮರುದಿನ ಎರಡು ಓದಲು ಹೋಗಬೇಡಿ. ಬಾಕಿ ಬೆಳೆದಷ್ಟೂ ಪುಸ್ತಕ ತೆರೆಯಲು ಅಂಜಿಕೆ.

ಗೋಡೆಯ ಕ್ಯಾಲೆಂಡರಿನ ದಿನಕ್ಕೊಂದು ವಚನ ಓದಿಗೆ ಬದಲಿಯಲ್ಲ. ಬಹಳ ಜನಕ್ಕೆ ಬಾಯಿಪಾಠವಾಗಿರುವ ಯೆರೆಮೀಯ 29:11 (ನಿಮಗೆ ಹಿತವನ್ನೇ ಯೋಚಿಸಿದ್ದೇನೆ ಎಂಬ ದೇವರ ಭರವಸೆ) ಬಾಬೆಲಿಗೆ ಸೆರೆ ಹೋದ ಯೆಹೂದ್ಯರಿಗೆ ಬರೆದ ಪತ್ರದ ಮಾತು. ಬಿಡುಗಡೆಗೆ 70 ವರ್ಷ ಕಾಯಬೇಕೆಂದು ಅದರ ಹಿಂದಿನ ವಚನವೇ ಹೇಳುತ್ತದೆ. ಕ್ಯಾಲೆಂಡರಿನಲ್ಲಿ ಆ ಭಾಗ ಅಚ್ಚಾಗುವುದಿಲ್ಲ!

ಪ್ರಶ್ನೆ: ಆಫೀಸಿನ ಗೆಳತಿ ನನ್ನ ನಂಬಿಕೆಯ ಬಗ್ಗೆ ತಾನಾಗಿ ಕೇಳಿದಳು. ಅರ್ಧ ಗಂಟೆ ಹೇಳಿದೆ. ಕೊನೆಗೆ "ನಮ್ಮಲ್ಲೂ ಹಾಗೇ ಹೇಳ್ತಾರೆ" ಅಂದಳು. ಎಲ್ಲಿ ತಪ್ಪಿದೆ? (ಓದುಗರು, ಮೈಸೂರು)

ಉತ್ತರ: ನೀವಾಡಿದ್ದು ಕನ್ನಡವೇ, ಆದರೆ ಸಭೆಯ, ಅಂದರೆ ಚರ್ಚಿನ ಕನ್ನಡ. ಅದೇ ಪದಗಳು ಹೊರಗಿನವರ ಕಿವಿಯಲ್ಲಿ ಬೇರೆಯಾಗುತ್ತವೆ. "ರಕ್ಷಣೆ ಹೊಂದಿದೆ" ಅಂದರೆ ಪೊಲೀಸರು ನೆನಪಾಗುತ್ತಾರೆ, "ಸಾಕ್ಷಿ ಹೇಳುತ್ತೇನೆ" ಅಂದರೆ ಕೋರ್ಟು. "ಪಾಪ" ಅನ್ನುವುದನ್ನು ನಾವು ದಿನಕ್ಕೆ ಹತ್ತು ಸಲ ಕನಿಕರಕ್ಕೆ ಬಳಸುತ್ತೇವೆ. ಎಲ್ಲಕ್ಕಿಂತ ತೊಡಕಿನದು "ಹೊಸದಾಗಿ ಹುಟ್ಟುವುದು": ಕೇಳುವವರಿಗೆ ಅದು ನೇರವಾಗಿ ಪುನರ್ಜನ್ಮ. ಅವರನ್ನು ದೂರುವಂತಿಲ್ಲ, ಯೋಹಾನ 3ರಲ್ಲಿ ನಿಕೊದೇಮನಂಥ ಪಂಡಿತನೇ ತಾಯಿಯ ಗರ್ಭವನ್ನು ಮತ್ತೆ ಹೊಗುವುದು ಹೇಗೆ ಎಂದು ಕೇಳಿದ. "ಸತ್ತ ಮೇಲಿನ ಇನ್ನೊಂದು ಜನ್ಮವಲ್ಲ, ಈ ಜನ್ಮದಲ್ಲೇ ದೇವರು ಒಳಗಿನಿಂದ ಕೊಡುವ ಹೊಸ ಬದುಕು" ಎಂದು ಬಿಡಿಸಿ ಹೇಳಿ. ದೇವರು ಮನುಷ್ಯನಾಗಿ ಬಂದರು ಅಂದಾಗ ಅವತಾರವೆಂದು ತಿಳಿಯುವುದೂ ಸಹಜ. ಅವತಾರಗಳು ಹಲವು, ಯೇಸು ಬಂದದ್ದು ಒಂದೇ ಸಲ, ಸತ್ತು ಅದೇ ದೇಹದಲ್ಲಿ ಎದ್ದರು ಎಂಬುದು ನಮ್ಮ ನಂಬಿಕೆ. ಈ ವ್ಯತ್ಯಾಸವನ್ನು ವಾದಕ್ಕಿಳಿಯದೆ, ಅವರ ದೇವರನ್ನು ಹಳಿಯದೆ ಹೇಳಬಹುದು.

ಅರ್ಧ ಗಂಟೆ ಬಹಳವಾಯಿತು. ಅಪೊಸ್ತಲರ ಕೃತ್ಯ 26ರಲ್ಲಿ ಪೌಲ ಅಗ್ರಿಪ್ಪ ರಾಜನ ಮುಂದೆ ಮಾತಾಡಿದ ಬಗೆ ನೋಡಿ: ಮೊದಲು ಹೇಗಿದ್ದೆ (4ರಿಂದ 11), ದಮಸ್ಕದ ದಾರಿಯಲ್ಲಿ ಏನಾಯಿತು (12ರಿಂದ 18), ಆಮೇಲೆ ಏನು ಮಾಡಿದೆ (19ರಿಂದ 23). ನಿಮ್ಮದನ್ನೂ ಇದೇ ಮೂರು ಭಾಗದಲ್ಲಿ, 250 ಪದ ಮೀರದಂತೆ ಬರೆಯಿರಿ. ಮೂರು ನಿಮಿಷದ ಮಾತಾಗುತ್ತದೆ. ಮೊದಲ ಭಾಗವನ್ನು ಹಳೆಯ ಕೆಟ್ಟತನದ ಪ್ರದರ್ಶನ ಮಾಡಬೇಡಿ. ಮೂರನೆಯದರಲ್ಲಿ ಇನ್ನೂ ಬದಲಾಗದ ಒಂದು ಗುಣವನ್ನೂ ಒಪ್ಪಿಕೊಳ್ಳಿ, ಹೇಗೂ ಆಫೀಸಿನವರಿಗೆ ಅದು ಗೊತ್ತಿರುತ್ತದೆ. ಬರೆದದ್ದನ್ನು ಸಭೆಗೆ ಹೋಗದ ಒಬ್ಬರಿಗೆ ಓದಿ, ಅರ್ಥವಾಗದ ಪದಕ್ಕೆ ಕೈ ಎತ್ತಲು ಹೇಳಿ. ಎತ್ತಿದ ಕಡೆಯೆಲ್ಲ ಮನೆಮಾತು ಹಾಕಿ. ಆಮೇಲೆ ಚೀಟಿ ಒಳಗಿಡಿ. ಗೆಳತಿ ಮತ್ತೆ ಕೇಳಿದಾಗ ಹೇಳಿದರಾಯಿತು. 1 ಪೇತ್ರ 3:15 ಸಿದ್ಧರಾಗಿರಿ ಅನ್ನುವುದು ಕೇಳುವವರಿಗೆ ಉತ್ತರ ಕೊಡಲು, ಅದೂ ಸಾತ್ವಿಕವಾಗಿ.

ಪ್ರಶ್ನೆ: ಪಕ್ಕದ ಮನೆಯ ಹಿಂದೂ ಅಜ್ಜಿಗೆ ಕಾಯಿಲೆ. ಹೋಗಿ ಪ್ರಾರ್ಥನೆ ಮಾಡಬಹುದೇ? ತೊಂದರೆಯಾದೀತೇ? (ಓದುಗರು, ಚಿಕ್ಕಮಗಳೂರು)

ಉತ್ತರ: ಮೊದಲು ಗಂಜಿ ಒಯ್ಯಿರಿ, ಔಷಧಿ ಅಂಗಡಿಗೆ ಹೋಗಿಬನ್ನಿ. ಪ್ರಾರ್ಥನೆಗೆ ಅಜ್ಜಿಯನ್ನೂ ಮನೆಯವರನ್ನೂ ಕೇಳಿ; "ಬೇಡ" ಅಂದರೆ ನಿಮ್ಮ ಮನೆಯಲ್ಲೇ ಮಾಡಿ. ಒಪ್ಪಿದರೆ ಎರಡು ನಿಮಿಷ, ಸಾದಾ ದನಿಯಲ್ಲಿ. ವಾಸಿಯಾಗುತ್ತದೆಂದು ಮಾತು ಕೊಡಬೇಡಿ, ಮಾತ್ರೆ ನಿಲ್ಲಿಸಿ ಎಂದು ಅಪ್ಪಿತಪ್ಪಿಯೂ ಹೇಳಬೇಡಿ. ಹಣದ ಸಹಾಯವನ್ನೂ ಪ್ರಾರ್ಥನೆಯನ್ನೂ ಒಂದೇ ಭೇಟಿಯಲ್ಲಿ ಬೆರೆಸದಿರುವುದು ಲೇಸು. ಒಂದಕ್ಕೆ ಇನ್ನೊಂದು ಬೆಲೆಯಂತೆ ಕಂಡುಬಿಡುತ್ತದೆ.

ಕಾನೂನಿನ ಮಾತು: ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು ಧರ್ಮವನ್ನು ಪಾಲಿಸುವ, ಪ್ರಚಾರ ಮಾಡುವ ಹಕ್ಕನ್ನು ಸಂವಿಧಾನದ 25ನೇ ವಿಧಿ ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರಿಸುವುದು ಆ ಹಕ್ಕಿನಲ್ಲಿ ಸೇರಿಲ್ಲವೆಂದು ಸುಪ್ರೀಂ ಕೋರ್ಟ್ 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಹೇಳಿದೆ. ಆಮಿಷ, ಹೆದರಿಕೆಗಳ ನೆರಳೂ ಬೀಳಬಾರದು.

ಪ್ರಶ್ನೆ: ಮನೆಕೂಟ (ಮನೆಯಲ್ಲಿ ಸೇರುವ ಪ್ರಾರ್ಥನಾ ಕೂಟ) ಎಷ್ಟು ಹೊತ್ತು ಇರಬೇಕು? (ಓದುಗರು, ಹುಬ್ಬಳ್ಳಿ)

ಉತ್ತರ: ಒಂದು ಗಂಟೆ, ಎಂಟು ಹತ್ತು ಜನ. ಅದಕ್ಕಿಂತ ಹೆಚ್ಚಾದರೆ ಮಾತಾಡುವವರು ಮೂವರೇ ಆಗುತ್ತಾರೆ. ಮೈಕ್ ಬೇಡ.