ಎರಡು ಮಹಾಯುದ್ಧಗಳ ಕಾಲದಲ್ಲಿ ಜರ್ಮನಿಯ ನಾಟಕದವರು ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು?

ನಗರಸಭೆಯ ರಂಗಮಂದಿರದಲ್ಲಿ ಕೆಲಸ ಸಿಕ್ಕವರಿಗೆ ಹೇಗೋ ಸಂಬಳ ಬರುತ್ತಿತ್ತು. ಬರ್ಲಿನ್‌ನಲ್ಲಿ ಎಷ್ಟೋ ಜನ ಹಗಲು ಸಿನಿಮಾ ಶೂಟಿಂಗ್, ರಾತ್ರಿ ನಾಟಕ, ಅದಾದಮೇಲೆ ಕ್ಯಾಬರೆ (ಕ್ಲಬ್ಬುಗಳ ಹಾಡು-ಹಾಸ್ಯದ ಪ್ರದರ್ಶನ) ಅಂತ ಓಡಾಡುತ್ತಿದ್ದರು. 1923ರಲ್ಲಿ ಜರ್ಮನಿಯ ಹಣವಾದ ಮಾರ್ಕ್‌ನ ಬೆಲೆ ಪಾತಾಳಕ್ಕಿಳಿದು, ಸಂಬಳ ಬಂದರೂ ಸುಮ್ನೆ ಕಾಗದ ಅಷ್ಟೇ: ನವೆಂಬರ್ ಹೊತ್ತಿಗೆ ಒಂದು ಡಾಲರ್‌ಗೆ 4.2 ಲಕ್ಷ ಕೋಟಿ ಮಾರ್ಕ್!

1933ರಲ್ಲಿ ಹಿಟ್ಲರ್ ಬಂದ ಮೇಲೆ ಯಹೂದಿ ಕಲಾವಿದರ ಕೆಲಸ ಹೋಯಿತು. ಆಗ ಯಹೂದಿ ವೈದ್ಯ-ಸಂಗೀತಗಾರ ಕುರ್ಟ್ ಸಿಂಗರ್ ಮತ್ತು ಜೊತೆಗಾರರು ಬರ್ಲಿನ್‌ನಲ್ಲಿ ಕುಲ್ಟೂರ್‌ಬುಂಡ್ (ಸಾಂಸ್ಕೃತಿಕ ಒಕ್ಕೂಟ) ಅನ್ನೋ ಸಂಘ ಕಟ್ಟಿದರು. ಆಡುವವರೂ ಯಹೂದಿಗಳೇ, ನೋಡುವವರೂ ಯಹೂದಿಗಳೇ, ತಿಂಗಳಿಗೆ ಎರಡೂವರೆ ಮಾರ್ಕ್ ಚಂದಾ, ಅದರಲ್ಲೇ ನಟರ ಸಂಬಳ ಹುಟ್ಟಬೇಕು. 1941ರಲ್ಲಿ ಅದನ್ನೂ ಮುಚ್ಚಿಸಿದರು.

ಉಳಿದವರ ಗತಿ? 1944ರ ಸೆಪ್ಟೆಂಬರ್ 1ರಿಂದ ನಾಟಕಮಂದಿರಗಳೆಲ್ಲ ಬಂದ್. ಸರ್ಕಾರ ಮಾಡಿದ್ದ ವಿನಾಯಿತಿ ಪಟ್ಟಿಯಲ್ಲಿದ್ದ ಕೆಲವು ದೊಡ್ಡ ಹೆಸರಿನವರು ಬಚಾವಾದರು, ಮಿಕ್ಕವರಲ್ಲಿ ಜಾಸ್ತಿ ಜನ ಶಸ್ತ್ರಾಸ್ತ್ರ ಕಾರ್ಖಾನೆಗೋ ಸೈನ್ಯಕ್ಕೋ ಹೋಗಬೇಕಾಯಿತು.